ನಡೆಯದ ಆಟದ ಕ್ಯಾಸೆಟ್ಟು

ಮಣಿಪಾಲದ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು ಷಿಲ್ಲಾಂಗಿನ ಹುಡುಗ. ಇಂಜಿನಿಯರಿಂಗ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಚೆನ್ನಾಗಿ ಬರುತ್ತಿತ್ತು. 2002ರ ಮಳೆಗಾಲದಲ್ಲಿ, ಬಟ್ಟೆ ಒಣಗದೆ ರೂಮೆಲ್ಲ ಮುಗ್ಗಲು ವಾಸನೆ ಹೊಡೆಯುತ್ತಿದ್ದ ಒಂದು ರಾತ್ರಿ, ಖಾಲಿ ಸಿ.ಡಿ.ಯೊಂದಕ್ಕೆ ಹಾಡುಗಳನ್ನು ತುಂಬಿಸಿ ಮೇಲೆ ಮಾರ್ಕರಿನಲ್ಲಿ ‘ಅಬಾಕಾಬ್ - ಸರಿಯಾದದ್ದು’ ಎಂದು ಬರೆದ.

ಜೆನೆಸಿಸ್ ಎಂಬ ಇಂಗ್ಲಿಷ್ ಬ್ಯಾಂಡಿನ ಹೆಸರನ್ನು ನಾನು ಕೇಳಿದ್ದೇ ಅವನ ಬಾಯಲ್ಲಿ. ರಾಕ್ ಸಂಗೀತವನ್ನು ಮೂರು ನಿಮಿಷದ ಹಾಡಿನಿಂದ ಬಿಡಿಸಿ ಉದ್ದುದ್ದ ಕತೆಗಳ ಕಡೆಗೆ, ತಾಳದ ಲೆಕ್ಕಾಚಾರಗಳ ಕಡೆಗೆ ಎಳೆದುಕೊಂಡು ಹೋದ ಪ್ರೊಗ್ರೆಸಿವ್ ರಾಕ್‌ನವರಲ್ಲಿ ಇವರು ಮುಂದಿದ್ದವರು. 1972ರ ‘ಸಪ್ಪರ್ಸ್ ರೆಡಿ’ ಎಂಬ ಒಂದೇ ಹಾಡು 20 ನಿಮಿಷ ದಾಟುತ್ತದೆ. ಗಾಯಕ ಪೀಟರ್ ಗೇಬ್ರಿಯಲ್ ನರಿಯ ತಲೆ ಹಾಕಿಕೊಂಡು, ಮುಖದ ಸುತ್ತ ದೊಡ್ಡ ಹೂವಿನ ಎಸಳು ಕಟ್ಟಿಕೊಂಡು ವೇದಿಕೆಗೆ ಬರುತ್ತಿದ್ದ. ಗೆಳೆಯ ಆ ಫೋಟೋ ತೋರಿಸಿ, ನಾನು ಬೆರಗಾಗುತ್ತೇನೆಂದು ಕಾದ. ಕಾರ್ಕಳದ ಅಜ್ಜಿಮನೆಯಲ್ಲಿ ಬೆಳೆದವನಿಗೆ ಬಣ್ಣ, ವೇಷ, ಮುಗಿಯದ ಕತೆ ಇದರಲ್ಲೆಲ್ಲ ಬೆರಗು ಎಂತದ್ದು? “ನಮ್ಮಲ್ಲಿ ಇದು ಬೆಳಗಿನವರೆಗೆ ನಡೆಯುತ್ತದೆ” ಎಂದೆ. ಅವನಿಗೆ ಸ್ವಲ್ಪ ಬೇಸರವಾಯಿತು.

ಗೇಬ್ರಿಯಲ್ 1975ರಲ್ಲಿ ಬ್ಯಾಂಡ್ ಬಿಟ್ಟ. ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಹಾಡತೊಡಗಿದ. 1981ರಲ್ಲಿ ‘ಅಬಾಕಾಬ್’ ಬರುವ ಹೊತ್ತಿಗೆ ಉಳಿದವರು ಮೂವರು, ಮತ್ತು ಅವರಿಗೆ ತಮ್ಮದೇ ಹಳೆಯ ಬಗೆ ಸಾಕಾಗಿತ್ತು. ರೆಕಾರ್ಡ್ ಮಾಡಿದ್ದರಲ್ಲಿ ಒಂದಷ್ಟು ಆಲ್ಬಮ್ಮಿಗೆ ಸೇರಲಿಲ್ಲ. ‘ನಮಿನಾನು’, ‘ಸಬ್‌ಮರೀನ್’ ಎಂಬ ಹೆಚ್ಚುಕಡಿಮೆ ಸಾಹಿತ್ಯವಿಲ್ಲದ ಎರಡು ತುಂಡುಗಳು ಸಿಂಗಲ್ ರೆಕಾರ್ಡುಗಳ ಹಿಂಬದಿಗೆ ಹೋದವು. ‘ಯೂ ಮೈಟ್ ರಿಕಾಲ್’, ‘ಪೇಪರ್‌ಲೇಟ್’, ‘ಮಿ ಅಂಡ್ ವರ್ಜಿಲ್’ ಮೂರೂ ಸೇರಿ 1982ರಲ್ಲಿ ಒಂದು ಸಣ್ಣ ರೆಕಾರ್ಡಾಗಿ ಬಂದವು. 2000ದಲ್ಲಿ ಬ್ಯಾಂಡಿನವರೇ ಹಳೆಯ ಪೆಟ್ಟಿಗೆ ತೆರೆದು ಮೂರು ಸಿ.ಡಿ.ಗಳ ಸಂಗ್ರಹ ತಂದಾಗಲೂ ಪಾಪ, ‘ಮಿ ಅಂಡ್ ವರ್ಜಿಲ್’ಗೆ ಜಾಗ ಸಿಗಲಿಲ್ಲ.

ನನ್ನ ಗೆಳೆಯ ಮಾಡಿದ್ದು ಇಷ್ಟು. ತನಗೆ ಸೇರದ ‘ಹೂ ಡನಿಟ್’ ಎಂಬ ಹಾಡನ್ನು ಕಿತ್ತು ಹಾಕಿದ. ‘ಯೂ ಮೈಟ್ ರಿಕಾಲ್’ ಸೇರಿಸಿದ. ‘ನಮಿನಾನು’, ‘ಡೋಡೋ’, ‘ಲರ್ಕರ್’, ‘ಸಬ್‌ಮರೀನ್’ ನಾಲ್ಕೂ ಮೊದಲು ಒಂದೇ ಉದ್ದ ಸರಣಿಯಾಗಬೇಕಿತ್ತಂತೆ. ಅವನ್ನು ಒಂದಕ್ಕೊಂದು ಹೊಲಿದ. ಲೋಕದಲ್ಲಿ ಎಷ್ಟೋ ಮಂದಿ ಈ ಕೆಲಸ ಮಾಡುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು. ಆ ರಾತ್ರಿ ಮಾತ್ರ ಸಿಟ್ಟು ಬಂತು. ಅವರೇ ಬೇಡವೆಂದು ಬಿಟ್ಟದ್ದನ್ನು ಸೇರಿಸಿ ‘ಸರಿಯಾದದ್ದು’ ಅನ್ನಲಿಕ್ಕೆ ನೀನು ಯಾರು ಎಂದು ಕೇಳಿದೆ. “ಅವರು ಅದನ್ನು ಒಂದು ವರ್ಷ ಕೇಳಿದರು. ನಾನು ಆರು ವರ್ಷದಿಂದ ಕೇಳ್ತಾ ಇದ್ದೇನೆ” ಎಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಕಳೆದು ಕಾಪುವಿನಲ್ಲಿ ಅದೇ ಕೆಲಸಕ್ಕೆ ನಾನೇ ಕುಳಿತೆ.

ಕಾಪುವಿನಲ್ಲಿರುವುದು ನನ್ನ ಸೋದರಮಾವ. ಮನೆಯ ಟೆರೇಸಿಗೆ ಹತ್ತಿದರೆ ತೆಂಗಿನ ತಲೆಗಳ ಮೇಲೆ 1901ರ ದೀಪಸ್ತಂಭದ ತುದಿ ಕಾಣುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಎಂಬತ್ತರ ದಶಕದಲ್ಲಿ ಅವರಿಗಿದ್ದದ್ದು ಒಂದೇ ಚಟ: ದೊಡ್ಡ ಸೆಲ್ ನಾಲ್ಕು ಹಿಡಿಸುವ ಟೂ-ಇನ್-ವನ್ ಒಂದನ್ನು ಹೆಗಲಿಗೆ ಹಾಕಿಕೊಂಡು ಸಾಲಿಗ್ರಾಮ ಮೇಳದ ಡೇರೆ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗುವುದು, ಗುಂಡ್ಮಿ ಕಾಳಿಂಗ ನಾವಡರ ಪದ್ಯ ತುಂಬಿಸಿಕೊಂಡು ಬರುವುದು. ಉಡುಪಿ ಸೀಮೆಯ ಯಾವ ಹಳೆಯ ಮನೆಯಲ್ಲಿ ಹುಡುಕಿದರೂ ಅಂಥ ಒಂದಾದರೂ ಕ್ಯಾಸೆಟ್ಟು ಸಿಕ್ಕೀತು. ನಾವಡರು 1958ರಲ್ಲಿ ಹುಟ್ಟಿದವರು. ತಂದೆ ರಾಮಚಂದ್ರ ನಾವಡರೂ ಭಾಗವತರು. ಗುರು ಉಪ್ಪೂರು ನಾರಣಪ್ಪ ಭಾಗವತರು. ವೇಷ ನೋಡಲು ಬರುತ್ತಿದ್ದ ಜನ ಅವರ ಕಾಲದಲ್ಲಿ ಪದ್ಯ ಕೇಳಲಿಕ್ಕೆಂದೇ ಬಂದರು. ‘ನಾಗಶ್ರೀ’ಯಂಥ ಹೊಸ ಪ್ರಸಂಗ ಬರೆದರು, ಬಡಗುತಿಟ್ಟಿನ ರಂಗಕ್ಕೆ ಹೊಸ ರಾಗಗಳನ್ನು ತಂದರು. ಇದು ಯಕ್ಷಗಾನವೇ ಅಲ್ಲ ಎಂದ ಹಳಬರಿದ್ದರು. ಅವರ ಮಕ್ಕಳೇ ಈಜಿಚೇರಿನ ಟಿಕೆಟ್ ತೆಗೆದು ಮುಂದೆ ಕೂತರು. 1990ರಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು, 32ರ ಆಸುಪಾಸಿನಲ್ಲಿ. ಮಾವ ಆಮೇಲೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಎಲ್ಲಿಗೂ ಹೋಗಲಿಲ್ಲ.

ಎರಡು ವರ್ಷದ ಹಿಂದೆ ಮಾವನಿಗೆ ಕಿವಿಯ ಮೆಷಿನ್ ಬಂತು. ಮೊದಲು ಹೋಗುವುದು ಮೇಲಿನ ಸ್ವರಗಳಂತೆ. ಒಂದು ಭಾನುವಾರ ಅತ್ತೆ ಫೋನ್ ಮಾಡಿ, “ನಿನ್ನ ಮಾವನಿಗೆ ಆ ಪೆಟ್ಟಿಗೆಯದ್ದೇ ಯೋಚನೆ, ಒಮ್ಮೆ ಬಂದು ಹೋಗು” ಎಂದರು. ಹೋದೆ. ಮಾವ ಕಬ್ಬಿಣದ ಪೆಟ್ಟಿಗೆಯನ್ನು ಮೊದಲೇ ಚಾವಡಿಗೆ ತರಿಸಿ ಇಟ್ಟಿದ್ದರು.

“ಕಿವಿ ಪೂರ್ತಿ ಹೋಗುವ ಮೊದಲು ಒಂದು ರಾತ್ರಿ ಸರಿಯಾಗಿ ಕೇಳಬೇಕು ಮಾರಾಯ.”

“ಮಾವ, ನಾವಡರದ್ದು ಈಗ ಮೊಬೈಲಲ್ಲೇ ಬೇಕಾದಷ್ಟು ಉಂಟಲ್ಲ?”

“ಅದು ಬೇರೆಯವರ ಆಟ. ನಾನು ಕೂತದ್ದಲ್ಲ.”

ಪೆಟ್ಟಿಗೆಯಲ್ಲಿ 31 ಕ್ಯಾಸೆಟ್ಟುಗಳಿದ್ದವು. ಒಂಬತ್ತಕ್ಕೆ ಬಿಳಿ ಬೂಸ್ಟು ಹಿಡಿದಿತ್ತು; ಸಮುದ್ರದ ಗಾಳಿಗೆ ಅದು ಸಹಜ. ಉಳಿದ 22ರಲ್ಲಿ ಅರ್ಧದಷ್ಟು ಹಿಂದಿ ಸಿನಿಮಾದ ಹಾಡುಗಳ ಮೇಲೆ ತುಂಬಿಸಿದವು, ಮುರಿದ ಮೂಲೆಗೆ ಕಾಗದದ ಉಂಡೆ ತುರುಕಿ. ಮೇಲೆ ಮಾವನ ಅಕ್ಷರ: ‘ಕಾ.ನಾ., ಚಂದ್ರಹಾಸ, ಮಳೆ.’ ‘ಕಾ.ನಾ., ಕಾರ್ಕಳ, ಬಹಳ ಒಳ್ಳೆಯದು.’ ತಾರೀಕು ಒಂದರಲ್ಲೂ ಇಲ್ಲ. “ಮರೆತುಹೋಗ್ತದೆ ಅಂತ ಯಾರಿಗೆ ಗೊತ್ತಿತ್ತು?” ಎಂದರು.

ಹಳೆಯ ಡೆಕ್ ಒಂದನ್ನು ಉಡುಪಿಯಲ್ಲಿ ರಿಪೇರಿ ಮಾಡಿಸಿ, ಕಂಪ್ಯೂಟರಿಗೆ ಜೋಡಿಸಿ, ಒಂದೊಂದಾಗಿ ಇಳಿಸಿಕೊಂಡೆ. ಕೆಲವದರಲ್ಲಿ ಸ್ವರ ಕಂಬಳಿ ಹೊದ್ದಂತೆ ಮಂಕಾಗಿತ್ತು. ಹೆಡ್‌ನ ಪಕ್ಕದ ಸಣ್ಣ ಸ್ಕ್ರೂ ಒಂದು ಕೂದಲೆಳೆ ತಿರುಗಿಸಿದರೆ ಕಂಬಳಿ ಸರಿಯುತ್ತದೆ. ಕೇಳುತ್ತ ಹೋದಂತೆ ಮಾವನ ರೆಕಾರ್ಡಿಂಗಿನ ಕ್ರಮ ತಿಳಿಯಿತು. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಾಗುವವರೆಗಿನ ಆಟ ಹಿಡಿಯಲು ಐದಾರಾದರೂ ಬೇಕು. ಮಾವನ ಹತ್ತಿರ ಇರುತ್ತಿದ್ದದ್ದು ಒಂದು, ಹೆಚ್ಚೆಂದರೆ ಎರಡು. ಹಾಗಾಗಿ ಪದ್ಯ ಮುಗಿದು ವೇಷಧಾರಿ ಅರ್ಥ ಹೇಳಲು ಬಾಯಿ ತೆರೆದ ಕೂಡಲೇ ಪಾಸ್ ಬಟನ್ ಒತ್ತುತ್ತಿದ್ದರು. ಭಾಗವತರ ತಾಳ ಕೇಳಿದರೆ ಬಿಡುತ್ತಿದ್ದರು. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ತೆಗೆದು ಆಟವನ್ನು ಒಂದೆರಡು ತಾಸಿಗೆ ಇಳಿಸಿದಾಗ ಎಷ್ಟು ಚರ್ಚೆಯಾಗಿತ್ತು! ಅದೇ ಕಾಲದಲ್ಲಿ ನಮ್ಮ ಮಾವ ಈಜಿಚೇರಿನ ಸಂದಿಯಲ್ಲಿ ಕೂತು, ಯಾರ ಗಮನಕ್ಕೂ ಬಾರದೆ, ಹೆಬ್ಬೆರಳಿನಲ್ಲಿ ಅದನ್ನೇ ಮಾಡುತ್ತಿದ್ದರು. ಕ್ಯಾಸೆಟ್ಟಿಗೆ ದುಡ್ಡು ಸಾಲದೆ.

ಒಂದು ರಾತ್ರಿಯ ಆಟ ಪೂರ್ತಿಯಾಗಿ ಎಲ್ಲೂ ಇರಲಿಲ್ಲ. ಆಗ ನನಗೆ ಆ ಷಿಲ್ಲಾಂಗಿನವನ ಸಿ.ಡಿ. ನೆನಪಾಯಿತು. ಬೇರೆ ಬೇರೆ ರಾತ್ರಿಗಳ ತುಂಡುಗಳಿಂದ ಒಂದು ರಾತ್ರಿ ಕಟ್ಟಿದರೆ ಹೇಗೆ? ಎರಡು ತಾಸಿನದ್ದು, ಸಂಜೆಯಿಂದ ಮಂಗಳದವರೆಗೆ.

ಮಾವ ಒಪ್ಪಲಿಲ್ಲ. “ಚಂದ್ರಹಾಸದ ಮಧ್ಯ ಭೀಷ್ಮ ಬಂದು ನಿಂತರೆ ಎಂತ ಮಾಡುವುದು?”

“ಕತೆ ಬಿಡಿ ಮಾವ. ಹೊತ್ತು ನೋಡಿ ಜೋಡಿಸುವ.”

“ಹೊತ್ತು ನಿನಗೆ ಹೇಗೆ ಗೊತ್ತಾಗ್ತದೆ?”

ನ್ಯಾಯವಾದ ಪ್ರಶ್ನೆ. ಉತ್ತರ ಕ್ಯಾಸೆಟ್ಟಿನಲ್ಲೇ ಇತ್ತು, ಆದರೆ ಪದ್ಯದಲ್ಲಲ್ಲ. ಹಿಂದಿನಿಂದ ಚರುಂಬುರಿ ಮಾರುವವನ ಕೂಗು ಕೇಳಿದರೆ ಹನ್ನೊಂದರ ಒಳಗೆ. ಮಕ್ಕಳು ಅಳುತ್ತಿದ್ದರೆ ಇನ್ನೂ ಬೇಗ. ಹನ್ನೆರಡರ ಮೇಲೆ ಮಕ್ಕಳೆಲ್ಲ ಚಾಪೆಯಲ್ಲಿ. ಎರಡು, ಎರಡೂವರೆಗೆ ಸಭೆ ಎಷ್ಟು ಸ್ತಬ್ಧ ಎಂದರೆ ಟೇಪಿನ ಗಾಲಿಯ ಸದ್ದೇ ಕೇಳುತ್ತದೆ. ನಾಲ್ಕರ ಮೇಲೆ ಕೆಮ್ಮು. ಆಮೇಲೆ ಕೋಳಿ, ಕಾಗೆ, ದೂರದಲ್ಲಿ ಮೊದಲ ಬಸ್ಸಿನ ಹಾರ್ನ್. ಹೀಗೆ ಸುಮಾರು 60 ಪದ್ಯಗಳಿಗೆ ಗಂಟೆ ಹಚ್ಚಿದೆ. ಮಾವ ಕುತೂಹಲದಿಂದ ಕುರ್ಚಿ ಹತ್ತಿರ ಎಳೆದುಕೊಂಡರು. ಗದ್ದಲವನ್ನೆಲ್ಲ ಒರೆಸಿ ಸ್ವರ ಮಾತ್ರ ಉಳಿಸುವ ತಂತ್ರಾಂಶ ನನ್ನಲ್ಲಿತ್ತು. ಮುಟ್ಟಲಿಲ್ಲ.

ಆರಿಸುವುದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ತಾಳವನ್ನು ಭಾಗವತರು ಸಾಮಾನ್ಯವಾಗಿ ಬಿಡುವುದಿಲ್ಲ. ರಾಗವನ್ನು ಅಂದಿನ ರಾತ್ರಿ, ವೇಷಧಾರಿ, ತಮ್ಮ ಗಂಟಲು ನೋಡಿ ಬದಲಿಸುತ್ತಾರೆ. ಚಂದ್ರಹಾಸದ ಒಂದೇ ಪದ್ಯ ಎರಡು ಕ್ಯಾಸೆಟ್ಟುಗಳಲ್ಲಿತ್ತು, ಒಂದರಲ್ಲಿ ಮೋಹನ, ಇನ್ನೊಂದರಲ್ಲಿ ಕಲ್ಯಾಣಿ. ಜೆನೆಸಿಸ್‌ನವರಿಗೆ ಒಂದು ಆಲ್ಬಮ್ ಇತ್ತು, ಅದರ ಹೊರಗೆ ಉಳಿದದ್ದು ಮಿಕ್ಕದ್ದು. ಇಲ್ಲಿ ಯಾವುದು ಆಲ್ಬಮ್? ನಾನು ಕಲ್ಯಾಣಿ ಎಂದೆ. ಮಾವ ಮೋಹನ ಎಂದರು, ಆ ಪದ್ಯದ ಕೊನೆಗೆ ಶಿಳ್ಳೆ ಹೊಡೆದದ್ದು ತಾನು ಎಂಬ ಕಾರಣಕ್ಕೆ. ಮೋಹನ ಇಟ್ಟೆವು.

ಮಾವನ ಪ್ರಾಣ ಇದ್ದದ್ದು ಕಾರ್ಕಳದ ಕ್ಯಾಸೆಟ್ಟಿನಲ್ಲಿ, ಆ ‘ಬಹಳ ಒಳ್ಳೆಯದು’. ಅದರ ಎರಡನೇ ಬದಿಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ರಜೆಯಲ್ಲಿ ಅಜ್ಜಿಮನೆಗೆ ಬಂದರೆ ಮಾವ ಅದನ್ನು ಹಾಕದೆ ಬಿಡುತ್ತಿರಲಿಲ್ಲ. ಬೆಳಗಿನ ಜಾವದ ಪದ್ಯಗಳು. ಒಂದರಿಂದ ಒಂದಕ್ಕೆ ನಾವಡರ ಸ್ವರ ಏರುತ್ತ, ಏರುತ್ತ, ಕೊನೆಯ ಪದ್ಯದಲ್ಲಿ ಮನುಷ್ಯರಿಗೆ ಸಾಧ್ಯವೇ ಇಲ್ಲ ಎಂಬಲ್ಲಿ ಹೋಗಿ ನಿಲ್ಲುತ್ತದೆ. ಆ ಜಾಗ ಬಂದಾಗ ಮಾವ ಬಲಗೈಯನ್ನು ನಿಧಾನ ಮೇಲೆತ್ತುತ್ತಿದ್ದರು. “ಇಡೀ ರಾತ್ರಿ ಹಾಡಿ ಬೆಳಿಗ್ಗೆ ಸ್ವರ ಇಳಿಯುವುದು ಲೋಕರೂಢಿ. ಇವರದ್ದು ಏರ್ತಾ ಇತ್ತು” ಎನ್ನುತ್ತಿದ್ದರು. ನೆಂಟರಿಗೆ, ನೆರೆಯವರಿಗೆ, ಬ್ಯಾಂಕಿಗೆ ಬರುವವರಿಗೆ, ಎಲ್ಲರಿಗೂ ಹೇಳಿದ್ದಾರೆ. ನಾನೂ ಎಷ್ಟೋ ಕಡೆ ಹೇಳಿದ್ದೇನೆ.

ಬೇರೆ ಬೇರೆ ರಾತ್ರಿಯ ಪದ್ಯಗಳನ್ನು ಅಂಟಿಸುವಾಗ ಶ್ರುತಿ ಕೂಡಬೇಕು, ಇಲ್ಲದಿದ್ದರೆ ಮೆಟ್ಟಿಲು ಎಡವಿದಂತಾಗುತ್ತದೆ. ಅದಕ್ಕಾಗಿ ಪ್ರತಿ ತುಂಡಿನ ಹಿಂದೆ ಮೊರೆಯುವ ಶ್ರುತಿಪೆಟ್ಟಿಗೆಯನ್ನು ಅಳೆಯುತ್ತ ಬಂದೆ. ಕಾರ್ಕಳದ ಎರಡನೇ ಬದಿ ಶುರುವಾಗುವುದು ಬಿಳಿ ನಾಲ್ಕರಲ್ಲಿ. ಹತ್ತು ನಿಮಿಷ ಕಳೆದರೆ ಸ್ವಲ್ಪ ಮೇಲೆ. ಇಪ್ಪತ್ತಕ್ಕೆ ಇನ್ನೂ ಮೇಲೆ. ಕೊನೆಗೆ ಬಿಳಿ ಐದು. ಏರುತ್ತಿದ್ದದ್ದು ಸ್ವರ ಮಾತ್ರ ಅಲ್ಲ, ಶ್ರುತಿಪೆಟ್ಟಿಗೆಯೂ. ಅದರ ಜೊತೆ ಮದ್ದಳೆ. ಭಾಗವತರು ಏರಿಯಾರು, ಪೆಟ್ಟಿಗೆಯ ಹಿತ್ತಾಳೆಯ ನಾಲಗೆ ತಾನೇ ತಾನಾಗಿ ಏರುವುದಿಲ್ಲ.

ವಿಷಯ ಸರಳ. ರೆಕಾರ್ಡ್ ಮಾಡುವಾಗ ಸೆಲ್ ಇಳಿಯುತ್ತ ಬಂದರೆ ಮೋಟಾರು ನಿಧಾನವಾಗುತ್ತದೆ, ಟೇಪು ನಿಧಾನ ಓಡುತ್ತದೆ. ಅದನ್ನೇ ಆಮೇಲೆ ಮನೆಯ ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ಹಾಕಿದರೆ, ನಿಧಾನ ಬರೆದದ್ದು ಬೇಗ ಓದಿದಂತಾಗಿ, ಎಲ್ಲ ಮೇಲಕ್ಕೆ ಹೋಗುತ್ತದೆ. ಬಿಳಿ ನಾಲ್ಕರಿಂದ ಬಿಳಿ ಐದಕ್ಕೆ ಬೇಕಾದ್ದು ನೂರಕ್ಕೆ 12ರಷ್ಟು ವ್ಯತ್ಯಾಸ. ನಾವು ಮೂವತ್ತೈದು ವರ್ಷ ಕೈಯೆತ್ತಿ ಕೇಳಿದ್ದು ನಾಲ್ಕು ಸೆಲ್ಲುಗಳು ಸಾಯುವುದನ್ನು.

ಸರಿಮಾಡುವುದು ಕಷ್ಟವಲ್ಲ. ಶ್ರುತಿ ಬಿಳಿ ನಾಲ್ಕಕ್ಕೆ ನಿಲ್ಲುವಂತೆ ಹಂತಹಂತವಾಗಿ ವೇಗ ಇಳಿಸುತ್ತ ಬಂದೆ. ರಾತ್ರಿ ಒಂದೂವರೆಗೆ ಕೆಲಸ ಮುಗಿಯಿತು. ಹೆಡ್‌ಫೋನ್ ಹಾಕಿ ಕೇಳಿದೆ. ಏರುವುದು ಹೋಗಿತ್ತು. ಅವಸರವೂ ಹೋಗಿತ್ತು. ಒಬ್ಬ ದಣಿದ ಯುವಕ ಬೆಳಗಿನ ಜಾವ ಒಂದೊಂದು ಅಕ್ಷರವನ್ನೂ ಅದರ ಜಾಗದಲ್ಲಿ ಇಡುತ್ತ, ಎಲ್ಲಿ ಉಸಿರು ಸಾಲದೋ ಅಲ್ಲಿ ಸಾಲು ಮುರಿದು, ಆ ಮುರಿತವನ್ನೇ ಚಂದ ಮಾಡಿ ಮುಂದಕ್ಕೆ ಹೋಗುತ್ತಿದ್ದ. ಮೊದಲು ಆ ಮುರಿತ ಕೇಳಿಸುತ್ತಲೇ ಇರಲಿಲ್ಲ, ವೇಗದಲ್ಲಿ ಮುಚ್ಚಿಹೋಗಿತ್ತು. ನನಗೆ ಇದೇ ಹೆಚ್ಚು ಇಷ್ಟವಾಯಿತು. ಆದರೆ ನಾನು ಆ ರಾತ್ರಿ ಅಲ್ಲಿ ಇದ್ದವನಲ್ಲ.

ಮಾವನಿಗೆ ಹೇಳುವುದೋ ಬೇಡವೋ? ಏನೂ ಹೇಳದೆ ಹಳೆಯದನ್ನೇ ಅಂಟಿಸಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಕಿವಿ ಹೋಗುತ್ತಿರುವ ಮನುಷ್ಯನಿಗೆ ಅವರ ಬದುಕಿನ ಒಂದು ಒಳ್ಳೆಯ ರಾತ್ರಿಯ ಬಗ್ಗೆ ಲೆಕ್ಕ ಒಪ್ಪಿಸುವ ಅಗತ್ಯವೇನು? ಇನ್ನೊಂದು ಕಡೆ, ಅವರು ಕೇಳಿದ್ದು ‘ಸರಿಯಾಗಿ’ ಎಂದು. ಎರಡು ವಾರ ಕಾಪುವಿಗೆ ಹೋಗಲಿಲ್ಲ. ಕೆಲಸ ಉಂಟು ಎಂದು ಅತ್ತೆಗೆ ಸುಳ್ಳು ಹೇಳಿದೆ. ಗೆಳೆಯನ ಜೊತೆ ಅಂದು ಅಷ್ಟು ಜೋರಿನಲ್ಲಿ ಜಗಳವಾಡಿದವನು ಈಗ ಒಂದು ಬಟನ್ ಒತ್ತಲು ಹೆದರುತ್ತಿದ್ದೆ.

ಕೊನೆಗೆ ಎರಡನ್ನೂ ತೆಗೆದುಕೊಂಡು ಹೋದೆ. ಮಧ್ಯಾಹ್ನ ಊಟ ಮುಗಿದು ಅತ್ತೆ ಒಳಗೆ ಮಲಗಿದ್ದರು. ಪೂರ್ತಿ ಎರಡು ತಾಸು ಹಾಕಿದೆ, ಕಾರ್ಕಳದ ಭಾಗ ಸರಿಮಾಡಿದ್ದು. ಮೊದಲೇ ಏನೂ ಹೇಳಲಿಲ್ಲ. ಮಾವ ಕಿವಿಯ ಮೆಷಿನ್ ಸರಿಯಾಗಿ ಕೂರಿಸಿಕೊಂಡರು. ಚರುಂಬುರಿಯವನ ಕೂಗಿಗೆ ನಕ್ಕರು. ಮೋಹನದ ಶಿಳ್ಳೆಗೆ ನನ್ನ ಕಡೆ ನೋಡಿದರು. ಕೊನೆಯ ಪದ್ಯ ಬಂತು. ಬಲಗೈ ಮೇಲೆ ಹೋಗತೊಡಗಿತು, ಅರ್ಧದಲ್ಲಿ ನಿಂತಿತು. ಸ್ವರ ಏರಲಿಲ್ಲ. ಕೈ ಹಾಗೇ ಇತ್ತು, ಪದ್ಯ ಮುಗಿಯುವವರೆಗೆ.

“ಎಂತ ಮಾಡಿದ್ದಿ ಇದಕ್ಕೆ?”

ಹೇಳಿದೆ. ಶ್ರುತಿಪೆಟ್ಟಿಗೆ, ಬಿಳಿ ನಾಲ್ಕು, ಸೆಲ್. ಕೇಳುತ್ತ ಅವರು ಅಂಗಳದ ಕಡೆ ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬಹಳ ಹೊತ್ತಿನ ಮೇಲೆ, “ಅದು ಟಾರ್ಚಿನ ಸೆಲ್ಲು” ಎಂದರು.

“ಹ್ಞಾಂ?”

“ಹೊಸ ಸೆಲ್ ತೆಗೆಯಲಿಕ್ಕೆ ಆ ತಿಂಗಳು ದುಡ್ಡಿರಲಿಲ್ಲ. ನಿನ್ನ ಅಜ್ಜನ ಟಾರ್ಚಿಂದ ಎರಡು, ಪಕ್ಕದ ಮನೆಯ ಟಾರ್ಚಿಂದ ಎರಡು ತೆಗೆದು ಹಾಕಿದ್ದು. ಕಾರ್ಕಳದ ಆಟಕ್ಕೆ. ಹೋಗುವಾಗ ಗದ್ದೆಯ ಹುಣಿಯಲ್ಲಿ ಬೆಳಕಿಲ್ಲದೆ ಎರಡು ಸಲ ಬಿದ್ದೆ. ಮರೆತೇ ಹೋಗಿತ್ತು ನೋಡು.” ಆಮೇಲೆ ಸ್ವಲ್ಪ ನಕ್ಕರು. “ಅಜ್ಜ ಮರುದಿನ ಟಾರ್ಚ್ ಒತ್ತಿ ನೋಡಿದರು. ನಾನು ಮಾತಾಡ್ಲಿಲ್ಲ.”

ಹಾಗಾದರೆ ಅಂದು ಸ್ವರ ಏರಿತ್ತೋ ಇಲ್ಲವೋ ಎಂದು ಕೇಳಬೇಕೆನಿಸಿತು. ಅಲ್ಲಿ ಕೂತವರು ಅವರೊಬ್ಬರೇ. ಕೇಳಲಿಲ್ಲ. ಅವರೇ ಹೇಳಿದರು: “ನನಗೆ ಈಗಲೂ ಏರಿದ ಹಾಗೇ ಉಂಟು. ಆದರೆ ನೀನು ಮಾಡಿದ್ದರಲ್ಲಿ ಆ ಉಸಿರು ತೆಗೆಯುವ ಜಾಗ ಉಂಟಲ್ಲ, ಅದು ಅವರದ್ದೇ. ಅದನ್ನು ನಾನು ಎದುರು ಕೂತು ನೋಡಿದ್ದೇನೆ. ಕ್ಯಾಸೆಟ್ಟಿನಲ್ಲಿ ಯಾಕೆ ಇಲ್ಲ ಅಂತ ಆಗಾಗ ಅನಿಸ್ತಿತ್ತು.”

ಎರಡು ತಾಸಿನ ಆ ಆಟಕ್ಕೆ ಈಗ ಹೆಸರು ‘ಕಾ.ನಾ., ಟಾರ್ಚ್’. ಹೆಸರಿಟ್ಟದ್ದು ಮಾವ. ಸರಿಮಾಡಿದ್ದು ಅದರೊಳಗೆ ಉಂಟು. ಸರಿಮಾಡದ ಎರಡನೇ ಬದಿಯನ್ನು ಬೇರೆಯಾಗಿ ಇಡಲು ಹೇಳಿದರು, ಅಳಿಸಬಾರದೆಂದು ಎರಡು ಸಲ ಹೇಳಿದರು. ಷಿಲ್ಲಾಂಗಿನ ಗೆಳೆಯನಿಗೂ ಕಳಿಸಿದೆ. ಭಾಷೆ ಬಾರದವನು ಪೂರ್ತಿ ಕೇಳಿ, ಚರುಂಬುರಿಯವನನ್ನು ಯಾಕೆ ತೆಗೆಯಲಿಲ್ಲ ಎಂದು ಕೇಳಿದ.

ಕಳೆದ ವಾರ ಕಾಪುವಿಗೆ ಹೋದಾಗ ಅತ್ತೆ ಗೇಟಿನಲ್ಲೇ, “ಮೆಲ್ಲ ಹೋಗು, ಒಳಗೆ ಆಟ ನಡೀತಾ ಉಂಟು” ಎಂದರು. ಮಾವ ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ಕೂತಿದ್ದರು. ಎರಡರಲ್ಲಿ ಯಾವುದನ್ನು ಹಾಕಿದ್ದಾರೆಂದು ಬಾಗಿಲಿನಿಂದ ಗೊತ್ತಾಗಲಿಲ್ಲ. ಚಪ್ಪಲಿ ಕಳಚಿ ಪಕ್ಕದಲ್ಲಿ ಕೂತೆ.